ಬೆಂಚ್ ಪ್ರೆಸ್ ವಾರಕ್ಕೆ ಎಷ್ಟು ಸಲ? ಇದ್ದ ಕೆಲಸವನ್ನೇ ಹಂಚಿ ಬಲ ಹೆಚ್ಚಿಸುವ ಕ್ರಮ

ಸೋಮವಾರ ಸಂಜೆ ಯಾವ ಊರಿನ ಜಿಮ್‌ಗೆ ಹೋದರೂ ಬೆಂಚ್ ಖಾಲಿ ಇರುವುದಿಲ್ಲ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ತೋಳು, ಶುಕ್ರವಾರ ಮನಸ್ಸು ಬಂದರೆ ಕಾಲು. ಈ ಪಂಚಾಂಗವನ್ನು ಯಾರು ಬರೆದರೋ ತಿಳಿಯದು, ಆದರೆ ಅದನ್ನು ಮೀರುವವರು ಕಡಿಮೆ. ನಾನೂ ಮೂರು ವರ್ಷ ಹಾಗೆಯೇ ನಡೆದುಕೊಂಡೆ. ಸೋಮವಾರ ಹನ್ನೆರಡು ಸೆಟ್ ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಮಲಗಿ, ಪ್ಲೇಟ್ ಹಾಕಿದ ಕಬ್ಬಿಣದ ಬಾರನ್ನು ಎದೆಯಿಂದ ಮೇಲಕ್ಕೆ ಒತ್ತುವುದು (ಒಂದು ಸಲ ಇಳಿಸಿ ಎತ್ತಿದರೆ ಒಂದು ರೆಪ್, ನಿಲ್ಲದೆ ಮಾಡುವ ಕೆಲವು ರೆಪ್‌ಗಳು ಸೇರಿ ಒಂದು ಸೆಟ್). ಮತ್ತೆ ಮುಂದಿನ ಸೋಮವಾರದವರೆಗೆ ಆ ಬೆಂಚಿನ ಕಡೆ ತಲೆ ಹಾಕುತ್ತಿರಲಿಲ್ಲ. 90 ಕಿಲೋ ಒಂದು ಸಲ ಎದೆಯಿಂದ ಮೇಲೇಳುತ್ತಿತ್ತು. 92.5 ಕಿಲೋ ಎಂಟು ತಿಂಗಳು ಕಳೆದರೂ ಏಳಲಿಲ್ಲ. ಸೆಟ್ ಹೆಚ್ಚಿಸಿದೆ, ಓರೆ ಬೆಂಚಿನ ಮೇಲೆ ಒತ್ತುವ ಇನ್‌ಕ್ಲೈನ್ ಸೇರಿಸಿದೆ, ಪ್ರೋಟೀನ್ ಡಬ್ಬಿ ಬದಲಿಸಿದೆ. ಕೊನೆಗೆ ಏನನ್ನೂ ಹೆಚ್ಚಿಸದೆ, ಆ ಹನ್ನೆರಡು ಸೆಟ್‌ಗಳನ್ನು ಮೂರು ದಿನಕ್ಕೆ ಒಡೆದು ಹಂಚಿದೆ. ನಾಲ್ಕು ತಿಂಗಳಲ್ಲಿ 97.5 ಕಿಲೋ ಎದ್ದಿತು.

ಇದರಲ್ಲಿ ಪವಾಡವೇನೂ ಇಲ್ಲ. ಏಕೆ ಇಲ್ಲ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅದು ತಿಳಿದರೆ ನಿಮ್ಮ ವೇಳಾಪಟ್ಟಿಯನ್ನು ನೀವೇ ಬರೆದುಕೊಳ್ಳಬಹುದು.

ಹಂಚಿದರೆ ಏನಾಗುತ್ತದೆ

ಒಂದೇ ದಿನ ಹನ್ನೆರಡು ಸೆಟ್ ಮಾಡುವವರ ನೋಟ್‌ಬುಕ್ ತೆರೆದು ನೋಡಿ. ಮೊದಲ ಮೂರು ಸೆಟ್ 75 ಕಿಲೋ, ಚೆಂದದ ರೆಪ್‌ಗಳು. ಆರನೆಯ ಸೆಟ್‌ಗೆ ಭಾರ 70ಕ್ಕೆ ಇಳಿದಿರುತ್ತದೆ. ಒಂಬತ್ತನೆಯದಕ್ಕೆ 60. ಆ ಹೊತ್ತಿಗೆ ಮೊಣಕೈ ಹೊರಗೆ ವಾಲುತ್ತದೆ, ಸೊಂಟ ಬೆಂಚ್ ಬಿಟ್ಟು ಮೇಲೇಳುತ್ತದೆ, ಬಾರ್ ಬೀಳದಂತೆ ಕಾಯಲು ಸ್ಪಾಟರ್ ಆಗಿ ನಿಂತವನ ಕೈಗೂ ವ್ಯಾಯಾಮವಾಗುತ್ತದೆ. ಅದೇ ಹನ್ನೆರಡನ್ನು ನಾಲ್ಕು ನಾಲ್ಕಾಗಿ ಹಂಚಿದರೆ ಪ್ರತಿಯೊಂದು ಸೆಟ್ಟೂ ದಣಿವು ಏರುವ ಮೊದಲಿನ ಸೆಟ್ ಆಗುತ್ತದೆ. ಸೆಟ್‌ಗಳ ಲೆಕ್ಕ ಅಷ್ಟೇ, ಆದರೆ ಎತ್ತಿದ ಭಾರ ಹೆಚ್ಚು, ಎತ್ತಿದ ರೀತಿ ಚೊಕ್ಕ.

ಎರಡನೆಯದು, ಬಲ ಎನ್ನುವುದು ಅರ್ಧ ಮಾಂಸದ ಮಾತಾದರೆ ಇನ್ನರ್ಧ ವಿದ್ಯೆಯ ಮಾತು. ಕುಂದಾಪುರದ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಿದ್ದು 56 ಕಿಲೋ ತೂಕದ ವಿಭಾಗದಲ್ಲಿ. ಭಾರವನ್ನು ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲಕ್ಕೆ ಒಯ್ಯುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಅವರು ತಲೆಯ ಮೇಲೆ ಎತ್ತಿ ಹಿಡಿದಿದ್ದು 138 ಕಿಲೋ. ಅವರಿಗಿಂತ ದಪ್ಪ ತೋಳಿನವರು ನಮ್ಮ ಜಿಮ್‌ಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಯಾವ ಸ್ನಾಯು ಯಾವ ಗಳಿಗೆಯಲ್ಲಿ ಎಷ್ಟು ಬಿಗಿಯಬೇಕು ಎನ್ನುವುದನ್ನು ನರಮಂಡಲ ಕಲಿಯಬೇಕು. ವೀಣೆ ಕಲಿಯುವ ಮಗುವಿಗೆ ಭಾನುವಾರ ಮೂರು ಗಂಟೆ ಕೂರಿಸಿ ಉಳಿದ ದಿನ ತಂತಿ ಮುಟ್ಟಬೇಡ ಎಂದು ಯಾವ ಗುರುವೂ ಹೇಳುವುದಿಲ್ಲ. ಬಾರ್‌ಗೆ ಮಾತ್ರ ಏಕೆ ಆ ನಿಯಮ?

ಮೂರನೆಯದು ದೇಹದ ದುರಸ್ತಿಯ ಗಡಿಯಾರ. ಭಾರ ಎತ್ತಿದ ಮೇಲೆ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಸುಮಾರು 24 ಗಂಟೆಗಳ ಹೊತ್ತಿಗೆ ಭರದಿಂದ ಸಾಗುತ್ತದೆ, 36ರಿಂದ 48 ಗಂಟೆಗಳಲ್ಲಿ ಬಹುಮಟ್ಟಿಗೆ ಮಾಮೂಲಿಗೆ ಮರಳುತ್ತದೆ. ಸೋಮವಾರ ಕೊಟ್ಟ ಪೆಟ್ಟಿಗೆ ದೇಹದ ಉತ್ತರ ಬುಧವಾರಕ್ಕೆ ಮುಗಿಯುತ್ತದೆ. ಆಮೇಲೆ ಅದು ನಿಮ್ಮನ್ನು ಕಾಯುತ್ತ ಕೂರುತ್ತದೆ.

ಈಗ ಇದರ ಇನ್ನೊಂದು ಮಗ್ಗುಲು. 2018ರಲ್ಲಿ ಸ್ಪೋರ್ಟ್ಸ್ ಮೆಡಿಸಿನ್ ಪತ್ರಿಕೆಯಲ್ಲಿ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಬಂದಿತು. ವಾರಕ್ಕೆ ಹೆಚ್ಚು ದಿನ ತರಬೇತಿ ಮಾಡಿದವರ ಬಲ ಹೆಚ್ಚು ಏರಿತ್ತು. ಆದರೆ ವಾರದ ಒಟ್ಟು ಕೆಲಸವನ್ನು ಸಮ ಮಾಡಿ ಹೋಲಿಸಿದಾಗ ಆ ಅಂತರ ಗಣನೀಯವಾಗಿ ಉಳಿಯಲಿಲ್ಲ. ಅಂದರೆ ದಿನಗಳ ಸಂಖ್ಯೆಗೆ ತನ್ನದೇ ಆದ ಶಕ್ತಿ ಇಲ್ಲ. ಹೆಚ್ಚು ಒಳ್ಳೆಯ ಕೆಲಸವನ್ನು ವಾರದೊಳಗೆ ತುಂಬಲು ಅದು ಒಂದು ಪಾತ್ರೆ, ಅಷ್ಟೇ. ವಾರಕ್ಕೊಮ್ಮೆ ಎತ್ತಿಯೇ ಬಾರ್ ಮೇಲೆ ಭಾರ ಏರುತ್ತಿದ್ದರೆ ನೀವು ಏನನ್ನೂ ಬದಲಿಸಬೇಕಿಲ್ಲ. ಈ ಲೇಖನ ಸಿಕ್ಕಿಹಾಕಿಕೊಂಡವರಿಗಾಗಿ.

ಮೊದಲ ಹೆಜ್ಜೆ: ಎರಡು ವಾರ ಬರೀ ಬರೆಯಿರಿ

ಏನನ್ನೂ ಬದಲಿಸಬೇಡಿ. ಹತ್ತು ರೂಪಾಯಿಯ ನೋಟ್‌ಬುಕ್ ಸಾಕು, ಆ್ಯಪ್ ಬೇಡ. ಮೊಬೈಲ್ ತೆರೆದರೆ ಮೂರು ನಿಮಿಷದ ವಿಶ್ರಾಂತಿ ಹನ್ನೆರಡು ನಿಮಿಷವಾಗುತ್ತದೆ. ಪ್ರತಿ ಸೆಟ್‌ನ ಭಾರ, ರೆಪ್, ಅದರ ಪಕ್ಕದಲ್ಲಿ ಇನ್ನೂ ಎಷ್ಟು ರೆಪ್ ಉಳಿದಿತ್ತು ಎನ್ನುವ ಅಂದಾಜು. ವಾರ್ಮ್‌ಅಪ್ ಸೆಟ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನನ್ನ ಪುಸ್ತಕದಲ್ಲಿ ವಾರಕ್ಕೆ 12 ಸೆಟ್, 58 ರೆಪ್ ಎಂದು ಬಂದಿತ್ತು. ಅವುಗಳಲ್ಲಿ ಚೆಂದದವು ಎನ್ನಬಹುದಾದವು ಮೂವತ್ತು ದಾಟುತ್ತಿರಲಿಲ್ಲ.

ಇನ್ನೊಂದು ಕೆಲಸ: ನಿಮ್ಮ ಜಿಮ್‌ನ ಬಾರ್ ತೂಗಿ ನೋಡಿ. ಸ್ಪರ್ಧೆಯ ಪುರುಷರ ಬಾರ್ 20 ಕಿಲೋ ಇರುತ್ತದೆ, ಆದರೆ ನಮ್ಮ ಬೀದಿಯ ಜಿಮ್‌ಗಳಲ್ಲಿ ಇರುವವು ಅದಕ್ಕಿಂತ ಹಗುರವೂ ಆಗಿರಬಹುದು. ಒಂದೇ ಜಿಮ್‌ನ ಎರಡು ಬಾರ್‌ಗಳ ತೂಕ ಬೇರೆ ಬೇರೆ ಇದ್ದುದನ್ನು ನಾನೇ ಕಂಡಿದ್ದೇನೆ. ಯಾವ ದಿನ ಯಾವ ಬಾರ್ ಸಿಕ್ಕಿತೋ ಅದರ ಮೇಲೆ ‘ದಾಖಲೆ’ ಆಗುತ್ತಿದ್ದರೆ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಎರಡನೆಯ ಹೆಜ್ಜೆ: ಗರಿಷ್ಠ ಭಾರದ ಅಂದಾಜು

ಒಂದೇ ರೆಪ್ ಎತ್ತಬಲ್ಲ ಗರಿಷ್ಠ ಭಾರ ಗೊತ್ತಿರಬೇಕು, ಆದರೆ ಅದಕ್ಕಾಗಿ ಈಗಲೇ ಜೀವ ಬಿಡಬೇಕಿಲ್ಲ. ಚೆನ್ನಾಗಿ ವಾರ್ಮ್‌ಅಪ್ ಮಾಡಿ, ನಾಲ್ಕರಿಂದ ಆರು ರೆಪ್ ಸಾಧ್ಯವಾಗುವ ಭಾರವನ್ನು ಒಂದು ಸೆಟ್ ಎತ್ತಿ. ರೆಪ್‌ಗಳನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ಭಾರದಿಂದ ಗುಣಿಸಿ. 75 ಕಿಲೋ ಆರು ರೆಪ್ ಆದರೆ 75 ಗುಣಿಸು 1.2, ಅಂದರೆ 90 ಕಿಲೋ. ಎಪ್ಲೀ ಸೂತ್ರ ಎನ್ನುವುದು ಇದನ್ನೇ. ಹತ್ತಕ್ಕಿಂತ ಹೆಚ್ಚು ರೆಪ್‌ಗಳಿಗೆ ಇದನ್ನು ನಂಬಬೇಡಿ, ಉತ್ತರ ಉಬ್ಬಿ ಬರುತ್ತದೆ.

ಮೂರನೆಯ ಹೆಜ್ಜೆ: ಯಾವ ಲಿಫ್ಟ್‌ಗೆ ಎಷ್ಟು ದಿನ

ಎಲ್ಲ ಲಿಫ್ಟ್‌ಗಳಿಗೂ, ಅಂದರೆ ಭಾರ ಎತ್ತುವ ವ್ಯಾಯಾಮಗಳಿಗೂ, ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ.

ಬೆಂಚ್ ಪ್ರೆಸ್ ಹೆಚ್ಚು ದಿನಗಳನ್ನು ತಾಳಿಕೊಳ್ಳುತ್ತದೆ: ವಾರಕ್ಕೆ ಎರಡರಿಂದ ನಾಲ್ಕು ಸಲ, ಬಹುತೇಕರಿಗೆ ಮೂರು. ತೊಡಗುವ ಸ್ನಾಯುಗಳು ಚಿಕ್ಕವು, ಬೆನ್ನುಮೂಳೆಯ ಮೇಲೆ ಹೊರೆ ಇಲ್ಲ, ಭಾರವೂ ಕಾಲಿನ ಲಿಫ್ಟ್‌ಗಳಷ್ಟು ಇರುವುದಿಲ್ಲ. ತಲೆಯ ಮೇಲೆ ಒತ್ತುವ ಓವರ್‌ಹೆಡ್ ಪ್ರೆಸ್‌ಗೂ ಇದೇ ಮಾತು, ಆದರೆ ಎರಡೂ ಒಂದೇ ಭುಜವನ್ನು ಹಂಚಿಕೊಳ್ಳುತ್ತವೆ ಎಂಬುದು ನೆನಪಿರಲಿ. ಎರಡನ್ನೂ ಮೂರು ಮೂರು ದಿನ ಮಾಡಿದರೆ ಭುಜ ವಾರಕ್ಕೆ ಆರು ಸಲ ಲೆಕ್ಕ ಕೊಡಬೇಕಾಗುತ್ತದೆ.

ಬಾರನ್ನು ಹೆಗಲ ಮೇಲೆ ಹೊತ್ತು ಕುಳಿತೇಳುವ ಸ್ಕ್ವಾಟ್‌ಗೆ ಎರಡು ದಿನ. ಎರಡು ಮೂರು ತಿಂಗಳು ಅದು ಹೊಂದಿಕೊಂಡ ಮೇಲೆ ಬೇಕಾದರೆ ಮೂರು. ಬದಲಾಯಿಸಿದ ಮೊದಲ ಎರಡು ವಾರ ಬಸ್ಸಿನ ಮೆಟ್ಟಿಲು ಇಳಿಯುವಾಗ ತೊಡೆ ನೋಯುತ್ತದೆ, ಆಮೇಲೆ ನೋಯುವುದಿಲ್ಲ. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ನೋವು ತಗ್ಗುವುದು ಸ್ನಾಯುವಿನ ಸ್ವಭಾವ. ವಾರಕ್ಕೊಮ್ಮೆ ಮಾಡುವವರಿಗೇ ಪ್ರತಿ ವಾರ ಹೊಸದಾಗಿ ನೋಯುವುದು.

ನೆಲದ ಮೇಲಿನ ಬಾರನ್ನು ಹಿಡಿದೆತ್ತಿ ನೇರ ನಿಲ್ಲುವ ಡೆಡ್‌ಲಿಫ್ಟ್ ಮಾತ್ರ ಬೇರೆ ಜಾತಿ. ಒಂದು ದಿನ, ಹೆಚ್ಚೆಂದರೆ ಎರಡು. ಎರಡಾದರೆ ಒಂದು ದಿನ ಹಗುರ. ಭಾರ ಎಲ್ಲಕ್ಕಿಂತ ಹೆಚ್ಚು, ಕೆಳಬೆನ್ನು ಸುಧಾರಿಸಿಕೊಳ್ಳುವುದು ನಿಧಾನ, ಮೇಲಾಗಿ ಸ್ಕ್ವಾಟ್ ಮಾಡುವಾಗಲೂ ಅದೇ ಬೆನ್ನು ಕೆಲಸದಲ್ಲಿರುತ್ತದೆ. ಸ್ಕ್ವಾಟ್ ಏರಿದರೆ ಡೆಡ್‌ಲಿಫ್ಟ್ ಕೂಡ ಸ್ವಲ್ಪ ಜೊತೆಗೆ ಏರುತ್ತದೆ.

ಹೊಸಬರಿಗೆ ಇಷ್ಟು ತಲೆನೋವು ಬೇಡ. ಜಿಮ್‌ಗೆ ಸೇರಿ ಆರು ತಿಂಗಳಾಗದವರು ವಾರಕ್ಕೆ ಮೂರು ದಿನ ಇಡೀ ದೇಹಕ್ಕೆ ಕೆಲಸ ಕೊಟ್ಟು, ಪ್ರತಿ ಸಲ ಸ್ವಲ್ಪ ಭಾರ ಏರಿಸುತ್ತ ಹೋದರೆ ಸಾಕು. ಆ ಮೊದಲ ವಾರಗಳಲ್ಲಿ ಬರುವ ಬಲ ಬಹುಪಾಲು ನರಗಳ ಕಲಿಕೆಯಿಂದ ಬರುವುದು, ಕಲಿಕೆಗೆ ಪದೇ ಪದೇ ಮಾಡುವುದೇ ಮದ್ದು. ದುರದೃಷ್ಟ ಎಂದರೆ ಅವರಿಗೇ ಮೊದಲ ದಿನ ಎದೆಯ ದಿನ, ಬೆನ್ನಿನ ದಿನ ಎಂದು ಚೀಟಿ ಬರೆದುಕೊಡುತ್ತಾರೆ.

ಹಾಗಾದರೆ ದಿನವೂ ಏಕೆ ಎತ್ತಬಾರದು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಲ್ಗೇರಿಯಾದ ಕೋಚ್ ಇವಾನ್ ಅಬಜಿಯೇವ್ ತಮ್ಮ ವೇಟ್‌ಲಿಫ್ಟರ್‌ಗಳಿಂದ ದಿನಕ್ಕೆ ಹಲವು ಸಲ, ಗರಿಷ್ಠದ ಅಂಚಿನವರೆಗೆ ಎತ್ತಿಸುತ್ತಿದ್ದರು. ಆ ಗರಡಿಯಲ್ಲಿ ಬೆಳೆದ ನಯೀಮ್ ಸುಲೇಮನೋಗ್ಲು ಮುಂದೆ ಟರ್ಕಿಯ ಪರವಾಗಿ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ 60 ಕಿಲೋ ವಿಭಾಗದಲ್ಲಿ ಒಟ್ಟು 342.5 ಕಿಲೋ ಎತ್ತಿ ಚಿನ್ನ ಗೆದ್ದರು. ಈ ಕತೆಯನ್ನು ಹೇಳುವವರು ಇನ್ನೊಂದು ಅರ್ಧವನ್ನು ಬಿಟ್ಟುಬಿಡುತ್ತಾರೆ: ಅದೇ ಸಿಯೋಲ್‌ನಲ್ಲಿ ಬಲ್ಗೇರಿಯಾದ ಇಬ್ಬರು ಚಿನ್ನ ಗೆದ್ದ ಲಿಫ್ಟರ್‌ಗಳು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ಪದಕ ಕಳೆದುಕೊಂಡರು, ತಂಡ ನಡುವೆಯೇ ಕೂಟ ಬಿಟ್ಟಿತು. ಅವರಿಗೆ ಎತ್ತುವುದೇ ಉದ್ಯೋಗ. ತಿನ್ನುವುದು, ಮಲಗುವುದು, ಎತ್ತುವುದು. ನಮಗೆ ಕಚೇರಿ ಇದೆ, ಟ್ರಾಫಿಕ್ ಇದೆ, ಮಕ್ಕಳ ಹೋಂವರ್ಕ್ ಇದೆ.

ನಮ್ಮ ಗರಡಿಮನೆಗಳಲ್ಲಿಯೂ ಸಾಮು ದಿನನಿತ್ಯದ್ದೇ. ಆದರೆ ದಂಡ, ಬಸ್ಕಿಗಳಲ್ಲಿ ಭಾರ ಎಂದರೆ ಸ್ವಂತ ಮೈಭಾರ. ಉತ್ತರ ಕರ್ನಾಟಕದ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವಾಗ ಮೈಯೊಳಗಿನದನ್ನೆಲ್ಲ ಸುರಿಯಬೇಕು. ದಂಡ ಬಸ್ಕಿಯಂತೆ ದಿನವೂ ಮಾಡುವ ಕೆಲಸವಲ್ಲ ಅದು. ಭಾರ ಏರಿದಂತೆ ದಿನಗಳು ಇಳಿಯಬೇಕು, ದಿನಗಳು ಏರಿದರೆ ಭಾರ ಇಳಿಯಬೇಕು.

ನಾಲ್ಕನೆಯ ಹೆಜ್ಜೆ: ಮೊದಲು ಹಂಚಿ, ಆಮೇಲೆ ಹೆಚ್ಚಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ವಾರಕ್ಕೆ ಮೂರು ದಿನ ಎಂದು ಕೇಳಿದ ಕೂಡಲೇ ಸೋಮವಾರದ ಹನ್ನೆರಡು ಸೆಟ್‌ಗಳನ್ನು ಮೂರು ದಿನವೂ ಮಾಡುತ್ತಾರೆ. ಮೂವತ್ತಾರು ಸೆಟ್. ಮೂರನೆಯ ವಾರ ಭುಜ ಹಿಡಿದುಕೊಂಡು ಬರುತ್ತಾರೆ, ‘ಇದೆಲ್ಲ ನಮಗಾಗದು’ ಎನ್ನುತ್ತಾರೆ. ಮೊದಲ ನಾಲ್ಕು ವಾರ ವಾರದ ಒಟ್ಟು ಸೆಟ್ ಹಳೆಯ ಲೆಕ್ಕದ ಆಸುಪಾಸಿನಲ್ಲಿಯೇ ಇರಬೇಕು.

ಹಂಚುವಾಗ ಮೂರು ದಿನವನ್ನೂ ಒಂದೇ ಅಚ್ಚಿನಲ್ಲಿ ಹೊಯ್ಯಬೇಡಿ. ಒಂದು ದಿನ ಭಾರ, ಒಂದು ದಿನ ಹಗುರ, ಒಂದು ದಿನ ಮಧ್ಯಮ. ಗರಿಷ್ಠ 90 ಕಿಲೋ ಇದ್ದ ನನ್ನ ಬೆಂಚ್ ಪ್ರೆಸ್ ಹೀಗಿತ್ತು:

ಹಗುರದ ದಿನ: 60 ಕಿಲೋ, ಐದು ರೆಪ್‌ನ ನಾಲ್ಕು ಸೆಟ್. ಪ್ರತಿ ರೆಪ್‌ನಲ್ಲಿ ಬಾರ್ ಎದೆಯ ಮೇಲೆ ಒಂದು ಸೆಕೆಂಡ್ ನಿಲ್ಲಬೇಕು, ಆಮೇಲೆ ಆದಷ್ಟು ವೇಗವಾಗಿ ಮೇಲೆ.
ಭಾರದ ದಿನ: 77.5 ಕಿಲೋ, ಮೂರು ರೆಪ್‌ನ ನಾಲ್ಕು ಸೆಟ್. ನಡುವೆ ಪೂರ್ತಿ ಮೂರು ನಿಮಿಷ ವಿಶ್ರಾಂತಿ.
ಮಧ್ಯಮ ದಿನ: 67.5 ಕಿಲೋ, ಐದು ರೆಪ್‌ನ ಐದು ಸೆಟ್.

ಒಟ್ಟು 13 ಸೆಟ್, 57 ರೆಪ್. ಹಳೆಯ ಸೋಮವಾರಕ್ಕಿಂತ ಒಂದು ಸೆಟ್ ಹೆಚ್ಚು, ಒಂದು ರೆಪ್ ಕಡಿಮೆ. ಶೇಕಡಾವಾರು ಹೇಳುವುದಾದರೆ ಹಗುರದ ದಿನ ಗರಿಷ್ಠದ ಶೇ 65ರಿಂದ 70, ಮಧ್ಯಮ ದಿನ ಶೇ 75ರ ಆಸುಪಾಸು, ಭಾರದ ದಿನ ಶೇ 85ರ ಆಸುಪಾಸು. ಯಾವ ದಿನವೂ ಕೈಸೋಲುವ ತನಕ ಹೋಗಬಾರದು. ಭಾರದ ದಿನವೂ ಪ್ರತಿ ಸೆಟ್ ಮುಗಿದಾಗ ಇನ್ನೂ ಒಂದೆರಡು ರೆಪ್ ಉಳಿದಿರಬೇಕು. ‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂಬ ಗಾದೆಯನ್ನು ರ‍್ಯಾಕ್ ಮೇಲೆ ಬರೆದು ಅಂಟಿಸಬಹುದು.

ಹಗುರದ ದಿನ ಮನಸ್ಸು ಒಪ್ಪುವುದಿಲ್ಲ. ಬೆವರು ಬಂದಿರುವುದಿಲ್ಲ, ಪಕ್ಕದವನು 80 ಹಾಕಿರುತ್ತಾನೆ, ಟ್ರೈನರ್ ಬಂದು ‘ಏನ್ ಸರ್, ಹುಷಾರಿಲ್ಲವೇ?’ ಎಂದು ಕೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ನನ್ನ ಅನುಭವದಲ್ಲಿ ಈ ಪದ್ಧತಿ ಕೆಡುವುದು ಭಾರದ ದಿನ ಸೋತಿದ್ದರಿಂದಲ್ಲ, ಹಗುರದ ದಿನ ಹಗುರವಾಗಿ ಉಳಿಯದಿದ್ದರಿಂದ.

ಐದನೆಯ ಹೆಜ್ಜೆ: ವಾರವನ್ನು ಜೋಡಿಸುವುದು

ಮೂರು ದಿನ ಸಿಗುವವರಿಗೆ ನಾನು ಹೇಳುವ ಜೋಡಣೆ ಇದು. ಸೋಮವಾರವನ್ನು ಬೇಕೆಂದೇ ಬಿಟ್ಟಿದ್ದೇನೆ, ಕಾರಣ ಮೊದಲ ಸಾಲಿನಲ್ಲಿದೆ.

ಮಂಗಳವಾರ: ಸ್ಕ್ವಾಟ್ ಭಾರ, ಬೆಂಚ್ ಹಗುರ, ಬಾರ್‌ಬೆಲ್ ರೋ (ಬಾಗಿ ನಿಂತು ಬಾರನ್ನು ಹೊಟ್ಟೆಯ ಕಡೆಗೆ ಎಳೆಯುವುದು).
ಗುರುವಾರ: ಬೆಂಚ್ ಭಾರ, ಡೆಡ್‌ಲಿಫ್ಟ್, ಪುಲ್‌ಅಪ್ (ಕಂಬಿಗೆ ಜೋತುಬಿದ್ದು ಮೈಯನ್ನು ಮೇಲೆಳೆಯುವುದು).
ಶನಿವಾರ: ಬೆಂಚ್ ಮಧ್ಯಮ, ಸ್ಕ್ವಾಟ್ ಮಧ್ಯಮ, ಓವರ್‌ಹೆಡ್ ಪ್ರೆಸ್ ಎರಡು ಮೂರು ಸೆಟ್.

ಯಾವ ಲಿಫ್ಟ್ ಏರಬೇಕೋ ಅದು ಆ ದಿನದ ಸಾಲಿನಲ್ಲಿ ಮೊದಲು ಬರಲಿ. ನಿಮ್ಮ ಚಿಂತೆ ಬೆಂಚ್ ಅಲ್ಲ, ಸ್ಕ್ವಾಟ್ ಎಂದಾದರೆ ಶನಿವಾರದ ಕ್ರಮವನ್ನು ತಿರುಗಿಸಿಕೊಳ್ಳಿ. ಎರಡೇ ದಿನ ಸಿಗುವವರು ಬೆಂಚನ್ನು ಒಂದು ಭಾರ, ಒಂದು ಮಧ್ಯಮ ಎಂದು ಇಟ್ಟುಕೊಂಡು ಹಗುರದ್ದನ್ನು ಬಿಡಬಹುದು. ಒಂದು ದಿನ ತಪ್ಪಿಹೋದರೆ ಅದನ್ನು ಮರುದಿನಕ್ಕೆ ತುರುಕಬೇಡಿ. ಮುಂದಿನ ಸರದಿಯಿಂದ ಮುಂದುವರಿಯಿರಿ. ತೋಳು, ಹೊಟ್ಟೆಯ ವ್ಯಾಯಾಮಗಳು ಕೊನೆಯಲ್ಲಿ, ಸಮಯ ಉಳಿದರೆ. ಎರಡು ಕಂಬಿಗಳ ನಡುವೆ ಕೈಯೂರಿ ಮೈ ಇಳಿಸಿ ಏರಿಸುವ ಡಿಪ್ಸ್ ಮಾಡುವ ಅಭ್ಯಾಸವಿದ್ದರೆ ಅದೂ ಬೆಂಚ್‌ನ ಲೆಕ್ಕಕ್ಕೇ ಸೇರುತ್ತದೆ.

ಭಾರದ ದಿನದ ವಾರ್ಮ್‌ಅಪ್: ಖಾಲಿ ಬಾರ್ ಎಂಟು ರೆಪ್, 40 ಕಿಲೋ ಐದು, 60 ಮೂರು, 70 ಒಂದು. ಒಬ್ಬರೇ ಇದ್ದರೆ ಕೈ ಸೋತರೆ ಬಾರನ್ನು ತಡೆಯುವ ಸೇಫ್ಟಿ ಪಿನ್ ಇರುವ ರ‍್ಯಾಕ್‌ನೊಳಗೆ ಬೆಂಚ್ ಎಳೆದುಕೊಳ್ಳಿ.

ಆರನೆಯ ಹೆಜ್ಜೆ: ಭಾರ ಏರಿಸುವುದು, ಮತ್ತು ಪ್ಲೇಟ್‌ಗಳ ಸಮಸ್ಯೆ

ನಿಯಮ ಸರಳ: ಭಾರದ ದಿನದ ಎಲ್ಲ ಸೆಟ್‌ಗಳೂ ಒಂದೆರಡು ರೆಪ್ ಉಳಿಸಿಕೊಂಡೇ ಮುಗಿದರೆ ಮುಂದಿನ ಭಾರದ ದಿನ 2.5 ಕಿಲೋ ಹೆಚ್ಚು. ಇಲ್ಲದಿದ್ದರೆ ಅದೇ ಭಾರ ಮತ್ತೊಮ್ಮೆ. ಹಗುರ, ಮಧ್ಯಮ ದಿನಗಳ ಭಾರವನ್ನು ಮೂರು ವಾರಕ್ಕೊಮ್ಮೆ ಏರಿಸಿದರೆ ಸಾಕು.

ನಿಯಮ ಸರಳ, ಆದರೆ ಅನೇಕ ಜಿಮ್‌ಗಳಲ್ಲಿ 2.5 ಕಿಲೋಗಿಂತ ಚಿಕ್ಕ ಪ್ಲೇಟ್ ಇರುವುದಿಲ್ಲ. ಬಾರ್‌ನ ಎರಡೂ ಬದಿಗೆ ಒಂದೊಂದು ಹಾಕಿದರೆ ಒಮ್ಮೆಗೇ ಐದು ಕಿಲೋ. 150 ಕಿಲೋ ಡೆಡ್‌ಲಿಫ್ಟ್ ಮಾಡುವವರಿಗೆ ಐದು ಕಿಲೋ ಎಂದರೆ ಶೇ 3ರಷ್ಟು. 40 ಕಿಲೋ ಬೆಂಚ್ ಮಾಡುವವರಿಗೆ ಶೇ 12ಕ್ಕೂ ಹೆಚ್ಚು. ಅನೇಕರು, ಅದರಲ್ಲೂ ಹಗುರ ಮೈಯವರು, ಸಿಕ್ಕಿಹಾಕಿಕೊಳ್ಳುವುದು ಬಲ ಸಾಲದೆ ಅಲ್ಲ, ಈ ಮೆಟ್ಟಿಲು ಎತ್ತರವಾಗಿದ್ದರಿಂದ. ಇದಕ್ಕೆ ಎರಡು ದಾರಿ. 1.25 ಕಿಲೋ ಪ್ಲೇಟ್‌ಗಳ ಜೋಡಿಯೊಂದನ್ನು ಕೊಂಡು ಬ್ಯಾಗ್‌ನಲ್ಲಿ ಇಟ್ಟುಕೊಳ್ಳಿ; ಒಂದು ಪ್ರೋಟೀನ್ ಡಬ್ಬಿಗಿಂತ ಅಗ್ಗ, ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಇಲ್ಲವೇ ಭಾರ ಬದಲಿಸದೆ ರೆಪ್ ಏರಿಸಿ: ನಾಲ್ಕು ಸೆಟ್‌ಗಳನ್ನೂ ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಐದಕ್ಕೆ ಒಯ್ದು, ಆಮೇಲೆ ಐದು ಕಿಲೋ ಸೇರಿಸಿ ಮತ್ತೆ ಮೂರಕ್ಕೆ ಇಳಿಯಿರಿ.

ನಾಲ್ಕು ವಾರ ಮುಗಿದು, ಕೀಲುಗಳು ಸುಮ್ಮನಿದ್ದು, ಭಾರವೂ ಏರುತ್ತಿದ್ದರೆ ಮಧ್ಯಮ ದಿನಕ್ಕೆ ಒಂದು ಸೆಟ್ ಸೇರಿಸಬಹುದು. ಇನ್ನು ಮೂರು ವಾರದ ನಂತರ ಹಗುರದ ದಿನಕ್ಕೆ ಇನ್ನೊಂದು. ಈಗಲೇ ಹಂಚಿಕೆಯ ನಿಜವಾದ ಲಾಭ ಕೈಗೆ ಬರುವುದು: ಒಂದೇ ದಿನ ಹದಿನೈದು ಸೆಟ್ ಮಾಡುವುದು ಶಿಕ್ಷೆ, ಮೂರು ದಿನಕ್ಕೆ ಐದೈದು ಮಾಡುವುದು ಕೆಲಸ.

ಏಳನೆಯ ಹೆಜ್ಜೆ: ಯಾವಾಗ ಹಿಂದೆ ಸರಿಯಬೇಕು

ಪ್ರತಿ ಐದನೆಯ ಅಥವಾ ಆರನೆಯ ವಾರ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ, ಭಾರವನ್ನೂ ತುಸು ತಗ್ಗಿಸಿ, ಬೇಗ ಮನೆಗೆ ಹೋಗಿ. ಊರ ಹಬ್ಬವೋ ಮದುವೆಯೋ ಇರುವ ವಾರಕ್ಕೆ ಇದನ್ನು ಹೊಂದಿಸಿಕೊಂಡರೆ ಯಾರಿಗೂ ಬೇಸರವಿಲ್ಲ.

ಅದಕ್ಕೂ ಮೊದಲೇ ದೇಹ ಸೂಚನೆ ಕೊಡಬಹುದು. 60 ಕಿಲೋ ವಾರ್ಮ್‌ಅಪ್ ಸತತ ಎರಡು ಸರದಿ ನಿಧಾನವಾಗಿ ಏಳುತ್ತಿದ್ದರೆ ಆ ದಿನ ಭಾರದ ದಿನವಾಗಿದ್ದರೂ ಹಗುರದ ದಿನದ ಕೆಲಸ ಮಾಡಿ. ಸ್ನಾಯುವಿನ ಮಂದ ನೋವಿಗೆ ಹೆದರಬೇಕಿಲ್ಲ. ಅದು ವಾರ್ಮ್‌ಅಪ್ ಮಾಡಿದಂತೆ ಕರಗುತ್ತದೆ. ಭುಜದ ಮುಂಭಾಗದಲ್ಲಿ, ಮೊಣಕೈಯಲ್ಲಿ, ಕೆಳಬೆನ್ನಿನಲ್ಲಿ ಒಂದು ಬಿಂದುವಿನಲ್ಲಿ ಚುಚ್ಚುವ ನೋವು ಸೆಟ್‌ನಿಂದ ಸೆಟ್‌ಗೆ ಏರಿದರೆ ಅಂದು ಆ ಲಿಫ್ಟ್ ಮುಗಿಯಿತು. ಎರಡು ವಾರ ಉಳಿದರೆ ವೈದ್ಯರಿಗೆ ತೋರಿಸಿ. ರಕ್ತದೊತ್ತಡ ಇರುವವರು, ಹರ್ನಿಯಾ ಅಥವಾ ಬೆನ್ನಿನ ತೊಂದರೆ ಇದ್ದವರು ಈ ಲೇಖನದ ಮೊದಲ ಹೆಜ್ಜೆಗೂ ಮೊದಲು ವೈದ್ಯರನ್ನು ಕೇಳಬೇಕು. ನಲವತ್ತು ದಾಟಿದವರು ಭಾರದ ದಿನವನ್ನು ವಾರಕ್ಕೊಂದಕ್ಕೇ ನಿಲ್ಲಿಸುವುದು ಒಳ್ಳೆಯದು; ದಿನಗಳನ್ನು ಕಡಿಮೆ ಮಾಡಬೇಕಿಲ್ಲ.

ನಿದ್ದೆ ಮತ್ತು ಊಟದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಚುಟುಕಾಗಿ ಹೇಳುತ್ತೇನೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್. 70 ಕಿಲೋ ತೂಗುವವರಿಗೆ 112 ಗ್ರಾಂ. ಅನ್ನ ಸಾರು ಮಾತ್ರ ಉಂಡರೆ ಅದರ ಅರ್ಧವೂ ಸೇರುವುದು ಕಷ್ಟ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ 22ರಿಂದ 24 ಗ್ರಾಂ ಎಂಬ ಲೆಕ್ಕದಲ್ಲಿ ಮೊಸರು, ಕಡಲೆ, ಸೋಯಾ, ಮೀನು ಎಂದು ನಿಮ್ಮ ಮನೆಯ ಅಡುಗೆಗೆ ಹೊಂದುವುದನ್ನು ಸೇರಿಸಿಕೊಳ್ಳಿ. ಐದು ಗಂಟೆ ಮಲಗಿ ಬಂದ ದಿನ ದಾಖಲೆ ಮಾಡಲು ಹೋಗಬೇಡಿ.

ಹನ್ನೆರಡನೆಯ ವಾರ: ಪರೀಕ್ಷೆ

ಹನ್ನೊಂದು ವಾರ ನಡೆದ ಮೇಲೆ ಹನ್ನೆರಡನೆಯ ವಾರದ ಮಂಗಳವಾರ ಹಗುರದ ಕೆಲಸದಲ್ಲಿ ಅರ್ಧ ಮಾತ್ರ ಮಾಡಿ, ಗುರುವಾರ ವಿಶ್ರಾಂತಿ, ಶನಿವಾರ ಪರೀಕ್ಷೆ. ಸ್ಪಾಟರ್ ಆಗಿ ನಿಮ್ಮ ಎತ್ತುವಿಕೆಯನ್ನು ನೋಡಿ ಬಲ್ಲವರೊಬ್ಬರು ಇರಲಿ, ಬಾರ್ ಮುಟ್ಟುವುದು ನೀವು ಕೇಳಿದ ಮೇಲೆಯೇ ಎಂದು ಮೊದಲೇ ಹೇಳಿಡಿ. ಹಳೆಯ ಗರಿಷ್ಠ 90 ಇದ್ದವರು ವಾರ್ಮ್‌ಅಪ್ ನಂತರ 80 ಒಂದು ರೆಪ್, 87.5 ಒಂದು, ಆಮೇಲೆ 92.5. ಅದು ಸರಾಗವಾಗಿ ಎದ್ದರೆ ಐದು ನಿಮಿಷ ಕುಳಿತು 95 ಅಥವಾ 97.5. ಒಂದು ಭಾರದಲ್ಲಿ ಸೋತರೆ ಅದನ್ನೇ ಎರಡನೆಯ ಸಲ ಹಿಡಿಯಬೇಡಿ.

ಹೊಸ ಅಂಕಿ ಬಂದಿದ್ದರೆ ಮುಂದಿನ ಮಂಗಳವಾರದ ಭಾರಗಳನ್ನು ಅದರ ಮೇಲೆ ಹೊಸದಾಗಿ ಲೆಕ್ಕ ಹಾಕಿ. ಬಾರದಿದ್ದರೆ ನೋಟ್‌ಬುಕ್‌ನಲ್ಲಿ ಹಗುರದ ದಿನಗಳ ಪುಟಗಳನ್ನು ತೆರೆಯಿರಿ. 60 ಎಂದು ಬರೆದಿರಬೇಕಾದ ಕಡೆ 70, 72.5 ಎಂದು ಕಂಡರೆ ಇನ್ನು ಹನ್ನೆರಡು ವಾರ ಅದೇ ವೇಳಾಪಟ್ಟಿಯನ್ನು, ಈ ಸಲ ಬರೆದಂತೆಯೇ, ನಡೆಸಿ. ಎಲ್ಲವೂ ಬರೆದಂತೆಯೇ ನಡೆದಿದ್ದರೆ ಮಧ್ಯಮ ದಿನಕ್ಕೆ ಎರಡು ಸೆಟ್ ಸೇರಿಸಿ ನೋಡಿ. ನಾಲ್ಕನೆಯ ದಿನದ ಯೋಚನೆ ಅದಾದ ಮೇಲೆ.